ಸೊನ್ನೆ ಹಿಡಿದವನು

ಮೂವತ್ತೊಂದು ಅಡಿಯ ಕಲ್ಲಿನ ದ್ವಾರಪಾಲಕ ಕಣ್ಣೆದುರೇ ಬೆಳೆಯತೊಡಗಿದಾಗ ಅವನ ನೆತ್ತಿಗೆ ಅಂಗೈಯಿಟ್ಟು ಕೆಳಕ್ಕೆ ಒತ್ತಿ ಹಿಡಿದವನು ನಾನು. ಅದೂ ಎಡಗೈಯಲ್ಲಿ. ಬಲಗೈಯಲ್ಲಿ ಟೀ ಲೋಟವಿತ್ತು. ಒಂದು ತೊಟ್ಟು ಚೆಲ್ಲಿದ್ದರೆ ಕೇಳಿ! ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ನಾಲ್ವರು ಇದನ್ನು ಕೇಳಿ ಬಾಯಿ ತೆರೆದವರು ಮುಚ್ಚಲಿಲ್ಲ. ಹಾಗಾಗಿ ಮೊದಲಿನಿಂದ ಹೇಳಬೇಕಾಯಿತು.

ಕತೆ ನನ್ನ ಭಾವನದು. ಹಳೆಯ ಗುಡಿಗಳನ್ನು ಅಳೆದು ನಕ್ಷೆ ಬರೆಯುವುದು ಅವರ ಕಸುಬು, ಟೇಪಿನ ಕೆಳತುದಿ ಹಿಡಿಯುವುದು ನನ್ನದು. ನನ್ನಂಥ ತುದಿ ಹಿಡಿಯುವವನು ಭೂಮಿಯ ಮೇಲೆ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ. ಅಕ್ಕನೂ ನಮ್ಮ ಜೊತೆ ಬಂದು ಗುಡಿಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಇಳಿದಿದ್ದಳು. ಕೆಲಸಕ್ಕೆ ಹೊರಟಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: “ಅವರು ಮೇಲೆ ಹತ್ತಿದಾಗ ನಿನ್ನ ಬಾಯಿ ಏನಾದ್ರೂ ಮಾಡ್ಕೊಳ್ಳಲಿ. ಕೈ ಮಾತ್ರ ಬಿಡಬೇಡ ಕಣೋ.”

ಗುಡಿಯ ಒಳಗೆ ನಡುಹಗಲಲ್ಲೂ ಕತ್ತಲು. ಬಾವಲಿ ಹಿಕ್ಕೆಯ ಘಾಟು, ಕಮಟಿದ ಎಣ್ಣೆಯ ವಾಸನೆ. ಬಾಗಿಲ ಬಲಕ್ಕೆ ಆ ದ್ವಾರಪಾಲಕ ನಿಂತಿದ್ದ. ಹೆಗಲಿನಿಂದ ಮೇಲೆ ಬೆಳಕು ಹೋಗುತ್ತಿರಲಿಲ್ಲ. ಬಲಗಾಲಿನ ಹೆಬ್ಬೆರಳು ಒಂದು ಬಿಂದಿಗೆಯಷ್ಟಿತ್ತು, ಅದಕ್ಕೊಂದು ಕಪ್ಪು ದಾರ ಕಟ್ಟಿತ್ತು.

ಕಸ ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿದಳು. “ಕೈ ಅಳೀರಿ, ಗದೆ ಅಳೀರಿ. ಪಾದದಿಂದ ನೆತ್ತಿಗೆ ಮಾತ್ರ ಬೇಡಿ ಸ್ವಾಮಿ.”

“ಯಾಕಜ್ಜಿ?” ಎಂದರು ಭಾವ.

“ಕೆತ್ತಿದವನನ್ನ ಅಳತೆ ತಪ್ಪಿದ್ದೀಯ ಅಂತ ಕತ್ತು ಹಿಡಿದು ಹೊರಗೆ ಹಾಕಿದ್ರಂತೆ. ಅವನು ಮಾಟ ಮಾಡಿ, ಆ ದಾರ ಕಟ್ಟಿ ಹೋದ. ಅಳೆದವರ ಅಳತೆ ಇದಕ್ಕೇ ಸೇರಲಿ ಅಂತ.”

“ಅವತ್ತಿನ ದಾರ ಇನ್ನೂ ಗಟ್ಟಿಯಾಗಿದೆಯಾ? ಯಾವ ಅಂಗಡೀದು ಹೇಳಿ, ನನ್ನ ಶರ್ಟಿನ ಗುಂಡಿಗೂ ಬೇಕಿತ್ತು” ಎಂದು ಭಾವ ನಕ್ಕರು.

ಅಜ್ಜಿ ನಗಲಿಲ್ಲ. ಪೊರಕೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು.

ನಮ್ಮ ಕೆಲಸಕ್ಕೊಂದು ಕಟ್ಟಳೆಯಿದೆ. ಟೇಪಿನ ತುದಿ ಸರಿಯಾಗಿ ಕೂರುವ ಜಾಗದಲ್ಲಿ ಕೆಳಗಿನವನು ತುದಿಯನ್ನೇ ಹಿಡಿದು “ಸೊನ್ನೆ!” ಎಂದು ಕೂಗಬೇಕು. ಕೂರದಿದ್ದರೆ ಹತ್ತನೆಯ ಇಂಚನ್ನು ಹಿಡಿದು “ಹತ್ತು!” ಎನ್ನಬೇಕು, ಮೇಲಿನವರು ಹತ್ತು ಕಳೆದು ಬರೆದುಕೊಳ್ಳುತ್ತಾರೆ. ಮೇಲಿನವರಿಗೆ ಕೆಳಗಿನದು ಕಾಣುವುದಿಲ್ಲ. ಕೂಗನ್ನು ನಂಬಿದರೆ ಮಾತ್ರ ಅಳತೆ.

ಭಾವ ಬೊಂಬಿನ ಸಾರುವೆ ಏರಿ ನೆತ್ತಿ ಮುಟ್ಟಿದರು. ನಾನು ಸೊನ್ನೆ ಎಂದೆ. ಮೂವತ್ತೊಂದು ಅಡಿ ಎರಡು ಇಂಚು.

ಎರಡು ದಿನ ಎರಡು ಸಲ ಅಳೆಯದೆ ಭಾವ ಯಾವ ಲೆಕ್ಕವನ್ನೂ ಪಕ್ಕಾ ಮಾಡುವವರಲ್ಲ. ಮರುದಿನ ಬೆಳಿಗ್ಗೆ ಹೊರಡುವಾಗ ಅವರ ಪ್ಯಾಂಟಿನ ಅಂಚು ಹಿಮ್ಮಡಿಯ ಕೆಳಗೆ ಸಿಕ್ಕಿ ಎಡವಿದರು. “ಒಗೆದರೆ ಬಟ್ಟೆ ಗಿಡ್ಡ ಆಗೋದು ಕೇಳಿದ್ದೆ, ಉದ್ದ ಆಗೋದು ಇದೇ ಮೊದಲು” ಎಂದು ನಗುತ್ತಾ ಅಕ್ಕ ಕೂತು ಅಂಚನ್ನು ಮಡಚಿದಳು.

“ನೋಡಿ ಭಾವ, ಅಜ್ಜಿ ಹೇಳಿದ್ದು ನಿಜ” ಎಂದೆ.

“ನೀನೂ ಆ ಅಜ್ಜೀನೂ ಒಂದೇ ಗಿರಣಿಯ ಹಿಟ್ಟು. ಬಾಯಿ ಮುಚ್ಕೊಂಡು ತುದಿ ಹಿಡಿ, ಅದೊಂದೇ ನಿನ್ನ ಯೋಗ್ಯತೆ.”

ಆಮೇಲಿನದನ್ನು ಬೆಂಚಿನವರಿಗೆ ಉಸಿರು ಬಿಡದೆ ಹೇಳಿದೆ. ಭಾವ ಹತ್ತಿದರು. ಟೇಪು ಬಿಗಿಯಿತು. ಬಾವಲಿಗಳು ಒಮ್ಮೆಲೇ ಸುಮ್ಮನಾದವು. ಮೇಲಿನಿಂದ ದನಿ ಬಂತು, ಬಹಳ ಸಣ್ಣ ದನಿ: “ಮೂವತ್ತೆರಡು ಅಡಿ... ನಾಲ್ಕು ಇಂಚು.” ಒಂದೇ ರಾತ್ರಿಗೆ ಹದಿನಾಲ್ಕು ಇಂಚು! ಕಲ್ಲು ಕಿರುಗುಟ್ಟಿತು. ಸಾರುವೆ ನಡುಗಿತು. ಆಗ ನಾನು ನೆಗೆದೆ. ಒಂದೇ ನೆಗೆತ. ನೆತ್ತಿಯ ಮೇಲೆ ಎಡಗೈ...

“ಯಾವ ಕೈ?”

ಬೆನ್ನ ಹಿಂದೆ ಅಕ್ಕ ನಿಂತಿದ್ದಳು. ಕೈಯಲ್ಲಿ ಡಾಕ್ಟರ ಚೀಟಿ, ತೋಳಿನ ಮೇಲೆ ಭಾವನ ಪ್ಯಾಂಟು. ಬೆಂಚಿನ ನಾಲ್ವರೂ ನೆಲ ನೋಡಿದರು.

“ಮೂವತ್ತಡಿ ನೆಗೆದವನ ಕೈ ತೋರಿಸು. ಒಂದು ತರಚಾದ್ರೂ ಇದೆಯಾ?”

ಎರಡೂ ಅಂಗೈ ಚಾಚಿದೆ. ಒಂದು ಗೆರೆಯೂ ಇರಲಿಲ್ಲ. ಹಗ್ಗವಾಗಲಿ ಟೇಪಾಗಲಿ ಗಟ್ಟಿ ಹಿಡಿದ ಕೈ ಅದಾಗಿರಲಿಲ್ಲ.

“ನಾನು ನೆಗೆಯಲಿಲ್ಲ ಅಕ್ಕ. ಟೀ ಲೋಟಾನೂ ಇರಲಿಲ್ಲ” ಎಂದೆ. “ಭಾವ ಬೈದಿದ್ದಕ್ಕೆ ಸಿಟ್ಟು ಬಂತು. ಹೆದರಿಸೋಣ ಅಂತ ಹತ್ತನೇ ಇಂಚು ಹಿಡಿದು ಸೊನ್ನೆ ಅಂತ ಕೂಗಿದೆ. ಹತ್ತು ಇಂಚು ಜಾಸ್ತಿ ಬರಬೇಕಿತ್ತು. ಅಷ್ಟೇ ಬರಬೇಕಿತ್ತು.”

ಅಕ್ಕನ ಕಣ್ಣು ನನ್ನ ಅಂಗೈ ಮೇಲೇ ಇತ್ತು.

“ಅವರು ಹದಿನಾಲ್ಕು ಅಂದ್ರು. ಬೆರಳು ನೋಡ್ಕೊಂಡೆ. ಹತ್ತರ ಮೇಲೇ ಇತ್ತು. ಇನ್ನೊಂದು ಕೈ ಆ ಹೆಬ್ಬೆರಳ ಮೇಲಿತ್ತಲ್ಲ, ಕಲ್ಲು ಬೆಚ್ಚಗಿತ್ತು. ಜ್ವರ ಬಂದವರ ಮೈ ಥರ. ದಾರ ಟಪ್ಪಂತ ಹರೀತು. ನಾನು...”

“ಹೇಳು.”

“ಕೈ ಬಿಟ್ಟೆ ಅಕ್ಕ. ಬಿಟ್ಟು ಓಡಿದೆ. ಭಾವ ಮೇಲಿಂದ ಟೇಪು ಜಗ್ಗಿ ಬಾಗಿ ನಿಂತಿದ್ರು. ಬಿದ್ದಿದ್ದು ಬೆನ್ನ ಹಿಂದೆ ಕೇಳಿಸ್ತು. ತಿರುಗಿ ನೋಡಲಿಲ್ಲ. ಅವರನ್ನ ಎತ್ತಿಸಿದ್ದು ಆ ಅಜ್ಜಿ.”

ಅಕ್ಕ ಚೀಟಿಯನ್ನು ನನ್ನ ಮಡಿಲಿಗೆ ಹಾಕಿದಳು. ಜೀವಕ್ಕೆ ಭಯವಿಲ್ಲ, ಇನ್ನು ನಡೆಯುವುದು ಕಷ್ಟ. ಬೆನ್ನುಪಟ್ಟಿಗೆಂದು ಮಲಗಿಸಿಯೇ ಎತ್ತರ ಅಳೆದಿದ್ದರು. ಭಾವನ ಎತ್ತರ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಚೀಟಿಯಲ್ಲಿ ಅದಕ್ಕಿಂತ ನಾಲ್ಕು ಇಂಚು ಕಡಿಮೆಯಿತ್ತು.

“ಬೆನ್ನುಮೂಳೆ ಕುಸಿದಿದೆ, ಅದಕ್ಕೇ ಅಂತಾರೆ ಡಾಕ್ಟರು” ಎಂದಳು ಅಕ್ಕ. ಹಾಗೆನ್ನುತ್ತಲೇ ಪ್ಯಾಂಟಿನ ಅಂಚನ್ನು ಬಿಡಿಸಿ ನೋಡಿದಳು. ಬೀಳುವ ಮೊದಲೇ, ಆ ಬೆಳಿಗ್ಗೆ, ತನ್ನ ಕೈಯಾರೆ ಹಾಕಿದ ಮಡಿಕೆ.

“ನಿಜ ಹೇಳು. ಆ ನಾಲ್ಕೂ ನಿಂದೇ ತಾನೇ? ನಿಂದೇ ಅಂತ ಹೇಳೋ.”

ಹುಟ್ಟಿದಾಗಿನಿಂದ ಬಾಯಿಗೆ ಬಂದಷ್ಟು ಸುಳ್ಳು ಹೇಳಿದವನು ನಾನು. ಅವಳಿಗೆ ಬೇಕಾಗಿದ್ದ ಈ ಒಂದೇ ಒಂದು ಸುಳ್ಳು ಬಾಯಿಗೆ ಬರಲಿಲ್ಲ.

“ಹತ್ತು ನಂದು ಅಕ್ಕ. ನಾಲ್ಕು ನಂದಲ್ಲ.”