ಕಂಬಳಿಯಲ್ಲಿ ಮೊಳೆತ ಬೀಜ

"ರೀ... ಆ ಕಿಟಕಿ ಮುಚ್ಚರಿ!"

ಖಾನಾಪುರದ ಬಸ್ಸು ಪೀರನವಾಡಿ ದಾಟಿತ್ತಷ್ಟೆ. ಫೆಬ್ರುವರಿಯ ಬೆಳಗಿನ ತಣ್ಣನೆಯ ಗಾಳಿ ಒಮ್ಮೆಲೇ ಒಳನುಗ್ಗಿತು. ಅನುರಾಧಾ ಮಡಿಲಲ್ಲಿದ್ದ ಬುಟ್ಟಿಯ ಮೇಲೆ ಸೆರಗು ಹರಡಿ ಬಾಗಿ ಕುಳಿತಳು. ಬುಟ್ಟಿಯ ತುಂಬ ಎಲೆಯ ದೊನ್ನೆಗಳು. ಒಂದೊಂದರಲ್ಲೂ ಒಂದೊಂದು ಸೌತೆಯ ಸಸಿ.

ಮುಂದಿನ ಸೀಟಿನ ಯುವಕ ತಿರುಗಿ ನೋಡಿದ. ಹೆಗಲ ಮೇಲೆ ಕರಿಯ ಕಂಬಳಿ, ಕಣ್ಣಲ್ಲಿ ನಗೆ.

"ಗಾಳಿ ಯಾರಿಗೆ ಬ್ಯಾಡ್ರಿ? ನಿಮಗೋ, ಸಸಿಗೋ?"

"ಯಾರಿಗಾದರ ಏನ್ರಿ? ಮುಚ್ಚರಿ ಅಂದ್ರ ಮುಚ್ಚರಿ!"

ಅವನು ಕಿಟಕಿ ಎಳೆದ. ಆಮೇಲೆ ಬುಟ್ಟಿಯೊಳಗೆ ಇಣುಕಿ ಮೆಲ್ಲನೆ ಹೇಳಿದ.

"ಸಿಟ್ಟಾಗಬ್ಯಾಡ್ರಿ. ಇವು ಬಾಳ ಉದ್ದ ಬೆಳದಾವ. ಬಿಸಲು, ಗಾಳಿ ಕಂಡಂಗಿಲ್ಲ. ಇವತ್ತ ನೆಟ್ಟರ ಉಳಿಯೂದು ಕಷ್ಟ ಐತಿ."

ಅನುರಾಧಾ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಬೆಳಿಗ್ಗೆ ಬೆಳಿಗ್ಗೆ ಅಂಥಾ ಮಾತು ಆಡಬ್ಯಾಡ್ರಿ!"

ದೇಸೂರು ಬಂತು. ಅವಳು ತಿರುಗಿಯೂ ನೋಡದೆ ಇಳಿದುಬಿಟ್ಟಳು.

ಆ ಅಪರಿಚಿತನಿಗೇನು ಗೊತ್ತು? ಅದು ಬರಿಯ ಸೌತೆಯಲ್ಲ. ಅವಳ ಅವ್ವ ಪದ್ಮವ್ವ ತವರಿನಿಂದ ತಂದ ಬೀಜ. ಪ್ರತಿ ವರ್ಷ ರಥಸಪ್ತಮಿ ಕಳೆಯುತ್ತಲೇ ಅವ್ವ ಅದನ್ನು ಮೊಳಕೆ ಬರಿಸುತ್ತಿದ್ದಳು. ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು ಮರುವರ್ಷಕ್ಕೆ ಬೀಜ ಉಳಿಸುತ್ತಿದ್ದಳು. ಕಳೆದ ಕಾರ್ತಿಕದಲ್ಲಿ ಅವ್ವ ದೇವರ ಪಾದ ಸೇರಿದಳು. ಬೂದಿ ಬೆರೆಸಿ ಕಟ್ಟಿಟ್ಟ ಒಂದು ಚಿಕ್ಕ ಗಂಟು ಮಾತ್ರ ಉಳಿಯಿತು. ಅದೂ ಹೋದರೆ... ಅವ್ವನ ಸೌತೆ ಈ ಲೋಕದಲ್ಲಿ ಮತ್ತೆಲ್ಲೂ ಇರಲಾರದು.

ಅದಕ್ಕೇ ಅವಳು ಆ ಸಸಿಗಳನ್ನು ಮಹಾಂತೇಶ ನಗರದ ಮನೆಯ ಅಡುಗೆಮನೆಯಲ್ಲಿ, ಬಾಗಿಲು ಮುಚ್ಚಿ, ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದಳು. ಅವ್ವ ಹೋದಾಗಿನಿಂದ ತಾನೂ ಹಾಗೆಯೇ ಬಾಗಿಲು ಮುಚ್ಚಿಕೊಂಡು ಬದುಕಿದ್ದಳು.

ಅಂದು ಸಸಿ ನೆಟ್ಟು ಹೋದವಳು ಮುಂದಿನ ವಾರ ದೇಸೂರಿನ ತಮ್ಮ ಹೊಲಕ್ಕೆ ಬಂದು ನೋಡಿದರೆ ಸಾಲಿನುದ್ದಕ್ಕೂ ಸಸಿಗಳು ಒರಗಿ ಬಿದ್ದಿದ್ದವು. ಒಂದೂ ಉಳಿದಿರಲಿಲ್ಲ!

ಅವಳು ಬದುವಿನ ಮೇಲೆ ಕುಸಿದು ಅತ್ತಳು. ಬಾಜೂ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡನ್ನು ತರುಬಿ ನಿಲ್ಲಿಸಿದ್ದರು. ಕುರಿಗಳ ನಡುವಿನಿಂದ ಯಾರೋ ಎದ್ದು ಬಂದರು. ಅದೇ ಕರಿಯ ಕಂಬಳಿ.

"ಬಂದ್ರಲ್ಲಾ, ನಾ ಹೇಳಿರಲಿಲ್ಲೇನು ಅಂತ ಅನ್ನಾಕ!"

"ಇಲ್ರೀ. ಬೀಜ ಇನ್ನೂ ಉಳದಾವೇನು ಅಂತ ಕೇಳಾಕ ಬಂದೆ."

ಅವಳ ಅಳು ಅಲ್ಲಿಗೇ ನಿಂತಿತು.

ಅವನ ಹೆಸರು ಲಕ್ಷ್ಮಣ. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ರಜೆಯ ದಿನ ಬಂದರೆ ಸೋದರಮಾವ ಬಂಡೆಪ್ಪನ ಕುರಿಗಳ ಜೊತೆ ಇರುತ್ತಿದ್ದ.

"ಅರ್ಧ ಗಂಟು ಐತಿ," ಎಂದಳು ಅನುರಾಧಾ. "ಆದರ ಬಿತ್ತಾಕ ಅಂಜಿಕಿ ಆಗತೈತಿ."

ಲಕ್ಷ್ಮಣ ಹೆಗಲ ಕಂಬಳಿ ತೆಗೆದು ಅವಳ ಮುಂದೆ ಹಿಡಿದ. "ನೆನೆಸಿದ ಬೀಜ ಹಸಿ ಅರಿವ್ಯಾಗ ಕಟ್ಟಿ ಇದರಾಗ ಸುತ್ತಿಡ್ರಿ. ಚಳಿಯಾಗ ಹುಟ್ಟಿದ ಕುರಿಮರಿನೂ ಇದರಾಗಽ ಬದುಕ್ಯಾವ."

ಅತ್ತ ಕಡೆಯಿಂದ ಬಂಡೆಪ್ಪನ ದನಿ ಕೇಳಿತು. "ಏ ಲಕ್ಷ್ಮಣಾ! ನೀ ಕುರಿ ಕಾಯಾಕ ಬಂದೀಯೋ, ಸೌತಿ ಕಾಯಾಕ ಬಂದೀಯೋ?"

ಎಷ್ಟೋ ತಿಂಗಳ ಮೇಲೆ ಅನುರಾಧಾಳ ತುಟಿಯಲ್ಲಿ ನಗು ಮೂಡಿತು.

ಕಂಬಳಿಯ ಗಂಟು ಒಲೆಯ ಬಳಿ ಬೆಚ್ಚಗೆ ಮಲಗಿತು. ಒಂದು ಬೆಳಿಗ್ಗೆ ಅವಳು ದೇವರಿಗೆ ದೀಪ ಹಚ್ಚಿ, ಹಣೆಗೆ ಭಂಡಾರ ಇಟ್ಟುಕೊಂಡು, ಗಂಟನ್ನು ಬಿಚ್ಚಿದಳು. ಕೂಸಿನ ಮೊದಲ ಹಲ್ಲಿನಂತೆ ಬೆಳ್ಳಗೆ, ಪುಟ್ಟ ಪುಟ್ಟ ಮೊಳಕೆ! ಅವಳು ಅವನ್ನು ಕಣ್ಣಿಗೊತ್ತಿಕೊಂಡಳು. ಕಂಬಳಿಯಲ್ಲಿ ಉಣ್ಣೆಯ, ಹೊಗೆಯ, ದೂರದ ಬಯಲಿನ ವಾಸನೆಯಿತ್ತು. ಅದನ್ನು ಕೆಳಗಿಡಲು ಅವಳಿಗೆ ಮನಸ್ಸೇ ಬರಲಿಲ್ಲ.

'ಇದೇನು ಹುಚ್ಚು ನನಗೆ...'

ಈ ಸಲ ದೊನ್ನೆಗಳು ಮಾಳಿಗೆಗೆ ಏರಿದವು. ಬೆಳಗಿನ ಎಳೆಬಿಸಿಲಿಗೆ ತುಸು ಹೊತ್ತು, ಮರುದಿನ ಇನ್ನೂ ತುಸು ಹೊತ್ತು. ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು. ಸಂಜೆಗೆ ಮತ್ತೆ ಕಂಬಳಿಯ ಮರೆ. ಗಾಳಿಗೆ ಬಾಗಿದ ಕಾಂಡ ಮತ್ತೆ ನೆಟ್ಟಗಾಗುವುದನ್ನು ಅವಳು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದಳು. ಭಾನುವಾರ ಬಂದರೆ ಕಿವಿ ಬೀದಿಯ ಕಡೆಗೇ; ಅಂದು ಸಸಿ ನೋಡಲು ಲಕ್ಷ್ಮಣ ಬರುತ್ತಿದ್ದ.

ಅವಳ ಅಪ್ಪ ರಾಯಪ್ಪ ಹೆಂಡತಿ ಹೋದ ಮೇಲೆ ಮಾತು ಮರೆತವರಂತಿದ್ದರು. ಅವರೂ ಲಕ್ಷ್ಮಣ ಬಂದರೆ "ಬಾರಪಾ, ಕುಂದರು" ಎನ್ನುತ್ತಿದ್ದರು. ಒಂದು ಭಾನುವಾರ ಅವನು ಹೊಲಕ್ಕೆಂದು ಒಂದು ಚೀಲ ಕುರಿಗೊಬ್ಬರ ತಂದು ಮೆಟ್ಟಿಲ ಕೆಳಗಿಟ್ಟ.

"ಸಸಿ ಗಟ್ಟಿ ಆಗ್ಯಾವ," ಎಂದ. ಆಮೇಲೆ ಅವಳನ್ನೇ ನೋಡುತ್ತ, "ನೀವೂ ಸುಧಾರಿಸೀರಿ. ಗಾಳಿ, ಬಿಸಲು ಇಬ್ಬರಿಗೂ ಹತ್ತೈತಿ."

"ಅಂದ್ರ ನಾನೂ ಸೌತಿ ಸಸಿನಾ?"

"ಅಲ್ರೀ! ಸೌತಿ ಸಸಿ ಇಷ್ಟ ಮಾತಾಡೂದಿಲ್ಲ."

ಅವಳು ಹುಸಿಮುನಿಸಿನಿಂದ ಅವನ ಮೇಲೆ ನೀರು ಚಿಮುಕಿಸಿದಳು. ಆ ವಾರವೆಲ್ಲ ಅವಳು ನೆಲದ ಮೇಲೆ ನಡೆಯಲಿಲ್ಲ!

ಮುಂದಿನ ಭಾನುವಾರ ಗುಡಿಗೆ ಹೋಗಿ ಬಂದು ಮಾಳಿಗೆ ಹತ್ತಿದಳು. ಅಲ್ಲಿ ಲಕ್ಷ್ಮಣನೂ ಅಪ್ಪನೂ ನಿಂತಿದ್ದರು. ಸಸಿಗಳೆಲ್ಲ ತಲೆ ಬಾಗಿಸಿದ್ದವು. ಎಲೆಗಳ ಅಂಚು ಬೆಂಕಿ ತಾಗಿದಂತೆ ಸುಟ್ಟಿತ್ತು. ಪ್ರತಿ ದೊನ್ನೆಯಲ್ಲೂ ಹಸಿ ಕುರಿಹಿಕ್ಕೆ!

"ಯಾರು... ಯಾರು ಹಾಕಿದ್ರು ಇದನ್ನ?"

ಅಪ್ಪನ ತುಟಿ ಅದುರಿತು. ಅವರು ಬಾಯಿ ತೆರೆಯುವ ಮೊದಲೇ ಲಕ್ಷ್ಮಣ ಅಂದ, "ನಾನಽ ಹಾಕಿದೆ. ಲಗೂನ ಬೆಳೀಲಿ ಅಂತ..."

"ಹಸಿ ಗೊಬ್ಬರಾ? ಕುರಿ ಸಾಕೂ ಮನಿಯವರಿಗೆ ಅಷ್ಟೂ ತಿಳೀದೇನು?" ಅವಳ ದನಿ ಒಡೆಯಿತು. "ನಮ್ಮವ್ವನ್ನ ಎರಡನೇ ಸಲ ಮಣ್ಣು ಮಾಡಿದ್ರಿ ನೀವು! ಹೋಗ್ರಿ... ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ!"

ಅವನು ಬಾಗಿ ಒಂದೊಂದು ದೊನ್ನೆಯ ಮೇಲಿನ ಗೊಬ್ಬರವನ್ನೂ ತೆಗೆದ. ತಿಳಿನೀರು ಹೊಯ್ದು ನೆರಳಿಗೆ ಸರಿಸಿದ. ಕಂಬಳಿಯನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಹೋದ.

ಎರಡು ಭಾನುವಾರ ಬಂದವು, ಹೋದವು. ಬೀದಿಯಲ್ಲಿ ಯಾರ ಹೆಜ್ಜೆಯೂ ಕೇಳಲಿಲ್ಲ. ಸಸಿಗಳು ಒಂದೊಂದಾಗಿ ಒಣಗಿದವು. ಸಂಜೆ ಬರಿಯ ದೊನ್ನೆಗಳಿಗೂ ಕಂಬಳಿ ಹೊದಿಸುವಾಗ ಅವಳ ಕಣ್ಣು ತುಂಬುತ್ತಿತ್ತು. 'ಸಿಟ್ಟು ಮಾಡಿದವಳು ನಾನು. ಮತ್ತೆ ಕಾಯುತ್ತಿರುವವಳೂ ನಾನೇ...'

ಒಂದು ಬೆಳಿಗ್ಗೆ ಮಾಳಿಗೆಯಿಂದ ಅಪ್ಪನ ಕೂಗು ಕೇಳಿತು.

"ಅನೂ! ಬಾ ಇಲ್ಲಿ, ಲಗೂ ಬಾ!"

ಓಡಿಹೋದಳು. ಮೂರು ಸಸಿಗಳ ನೆತ್ತಿಯಲ್ಲಿ ಹೊಸ ಎಲೆ ಚಿಗುರಿತ್ತು. ಎಳೆಯ ಹಸಿರು, ಅಂಗೈ ಮುಚ್ಚಿದ ಹಾಗೆ!

ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

"ಅಪ್ಪಾ! ಯಾಕ ಅಳತಿ?"

"ಗೊಬ್ಬರ ಹಾಕಿದಾಂವ ನಾನವ್ವಾ. ನಿಮ್ಮವ್ವ ಪ್ರತಿ ವರ್ಷ ನನ್ನ ಕೈಯಿಂದನಽ ಒಂದು ಮುಷ್ಟಿ ಹಾಕಸ್ತಿದ್ಲು. ಅದು ವರ್ಷದ ಹಳೀ ಗೊಬ್ಬರ ಅನ್ನೂದು ನನಗೆಲ್ಲಿ ಗೊತ್ತು? ಕೊಡಾಕಿ ಅಕಿ, ಹಾಕಾಂವ ನಾನು. ಅಕಿ ಇಲ್ಲಾ... ನನ್ನ ಪಾಲಿನ ಕೆಲಸರೆ ಇರಲಿ ಅನಿಸ್ತು."

"ಮತ್ತ ಅವರು...?"

"ನಿನ್ನ ಮುಂದ ನನ್ನ ತಲಿ ತಗ್ಗಬಾರದಂತ ತನ್ನ ಮ್ಯಾಲ ಹಾಕ್ಕೊಂಡ. ನಾ ಹೇಡಿ, ಬಾಯಿ ಬಿಡಲಿಲ್ಲ."

ಅನುರಾಧಾ ಅಪ್ಪನ ಒರಟು ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವ್ವನನ್ನು ಕಳೆದುಕೊಂಡವಳು ತಾನೊಬ್ಬಳೇ ಅಲ್ಲ ಎಂಬುದು ಅವಳಿಗೆ ಅಂದು ತಿಳಿಯಿತು.

ಎರಡು ಸಸಿಗಳನ್ನು ಅಪ್ಪ, ಮಗಳು ಕೂಡಿಯೇ ದೇಸೂರಿನ ಹೊಲದಲ್ಲಿ ದೊನ್ನೆ ಸಮೇತ ನೆಟ್ಟರು. ಮೂರನೆಯದನ್ನು ಮಡಿಲಲ್ಲಿಟ್ಟುಕೊಂಡು ಅವಳು ಭಾನುವಾರ ನಸುಕಿಗೇ ಖಾನಾಪುರದ ಬಸ್ಸು ಹತ್ತಿದಳು. ಈ ಸಲ ಕಿಟಕಿಯನ್ನು ತಾನೇ ತೆರೆದಳು. ಗಾಳಿಗೆ ಎಲೆ ಕುಣಿಯಿತು. ಸಸಿ ಒರಗಲಿಲ್ಲ.

ಖಾನಾಪುರದಲ್ಲಿ ಮಲಪ್ರಭಾ ಹೊಳೆಯ ಮೇಲೆ ಮಂಜು ಇನ್ನೂ ಹಾಲಿನಂತೆ ತೇಲುತ್ತಿತ್ತು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯುತ್ತಿದ್ದರು. ಬಂಡೆಪ್ಪ ಮೊದಲು ಕಂಡ.

"ಲಕ್ಷ್ಮಣಾ, ನಿನ್ನ ಸೌತಿ ತಾನಽ ನಡಕೊಂಡ ಬಂತು ನೋಡೋ!"

ಮೊಣಕಾಲು ನೀರಿನಲ್ಲಿ ನಿಂತಿದ್ದ ಲಕ್ಷ್ಮಣ ತಿರುಗಿದ. ನಿಂತಲ್ಲೇ ನಿಂತ.

"ಅಪ್ಪಾ ಎಲ್ಲಾ ಹೇಳಿದ್ರು," ಎಂದಳು ಅನುರಾಧಾ. "ಅಷ್ಟ ಬೈದೆ... ಒಂದು ಮಾತರೆ ತಿರುಗಿ ಆಡಬಾರದಾಗಿತ್ತೇನು?"

"ನಿಮ್ಮವ್ವ ಇಲ್ಲ. ಅಪ್ಪನ ಮ್ಯಾಲೂ ಸಿಟ್ಟಾದರ ನಿಮಗ ಮತ್ತ ಯಾರು ಇರತಿದ್ರು?"

ಅವಳು ನೀರಿನಂಚಿಗೆ ಬಂದಳು. ದೊನ್ನೆಯನ್ನು ಮುಂದೆ ಹಿಡಿದಳು. "ಮೂರು ಉಳದಾವ. ಇದು ನಿಮ್ಮ ಅಂಗಳಕ್ಕ. ಅವ್ವನ ಬೀಜ ಒಂದಽ ಮನ್ಯಾಗ ಇರೂದು ಬ್ಯಾಡ."

ಅವನು ಒದ್ದೆ ಕೈಯನ್ನು ಒರೆಸಿಕೊಂಡು, ಪ್ರಸಾದ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದ.

"ಕಂಬಳಿ ತಂದಿಲ್ಲೇನು?"

"ಇಲ್ಲ."

"ಯಾಕ?"

ಅವಳು ತಲೆ ತಗ್ಗಿಸಿದಳು. "ಅದನ್ನ ಒಯ್ಯಾಕ ನೀವಽ ಬರಬೇಕು... ಹಿರ್ಯಾರನ್ನ ಕರಕೊಂಡು."

ಲಕ್ಷ್ಮಣ ದೊನ್ನೆಯನ್ನು ಎದೆಗವಚಿಕೊಂಡ.

"ಬಂದರ... ಕಂಬಳಿ ವಾಪಸ್ ಕೊಡ್ತೀರೇನು?"

"ಹಾಸ್ತೀನಿ. ಮದುವಿ ಅಕ್ಕಿಕಾಳು ಬೀಳೂ ದಿನ ಇಬ್ಬರೂ ಅದರ ಮ್ಯಾಲಽ ಕುಂದರೂಣು."