ಕಂಬಳಿ ಹೊದ್ದ ಕಿಟಕಿ

ಬೆಳಕು ಕಾಣಬಾರದ ಔಷಧಿ ಕಾಣೆಯಾದದ್ದು ಬುಧವಾರ ಬೆಳಿಗ್ಗೆ ಎಂಟಕ್ಕೆ ಬೆಳಕಿಗೆ ಬಂತು.

ಹಿಂದೂಪುರದ ಕ್ಯಾನ್ಸರ್ ಆಸ್ಪತ್ರೆ. ಫ್ರಿಜ್‌ನಲ್ಲಿ ಕಪ್ಪು ಡಬ್ಬಿ ಇತ್ತು. ಡಬ್ಬಿಯೊಳಗೆ ಸೀಸೆ ಇರಲಿಲ್ಲ.

"ಇದ್ದದ್ದೇ ಒಂದು ಮೇಡಂ," ಎಂದರು ಡಾಕ್ಟರ್ ಹರಿಕೃಷ್ಣ, ಎಸ್ಸೈ ಶೋಭಾರಾಣಿಗೆ. "ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳು. ರಕ್ತಕ್ಕೆ ಕೊಟ್ಟರೆ ಮೂಳೆಯ ಗಡ್ಡೆಗೆ ಹೋಗಿ ಕೂರುತ್ತವೆ. ಆಮೇಲೆ ನಮ್ಮ ದೀಪದ ಬೆಳಕು ಬಿಟ್ಟರೆ ಗಡ್ಡೆ ಸಾಯುತ್ತೆ. ಮೊದಲೇ ಬೆಳಕು ತಾಗಿದರೆ ಎಲ್ಲ ಹಾಳು."

"ಇವತ್ತು ಯಾರಿಗಿತ್ತು?"

"ಪರಿಗಿಯ ಅಮೃತಾಗೆ. ಹದಿನೇಳು ವರ್ಷ. ಇನ್ನೊಂದು ಸೀಸೆಗೆ ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಕಾಯೋಕಾಗಲ್ಲ. ಶುಕ್ರವಾರ ಕಾಲು ತೆಗೀಬೇಕಾಗುತ್ತೆ."

ಎಸ್ಸೈ ಶೋಭಾರಾಣಿ ಮಿಮಿಕ್ರಿಯಲ್ಲಿ ಎತ್ತಿದ ಕೈ. ಸಿ.ಐ. ಸಾಹೇಬರ ಕೆಮ್ಮಿನಿಂದ ಹಿಡಿದು ಪೆನುಕೊಂಡ ಬಸ್ಸಿನ ಕಂಡಕ್ಟರನ ಕೂಗಿನವರೆಗೆ ಊರೆಲ್ಲ ಅವಳ ಗಂಟಲಲ್ಲಿತ್ತು.

ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಕಸ ಗುಡಿಸುವ ಕೊಂಡಪ್ಪ, ನರ್ಸ್ ಶ್ರೀಲತಾ.

"ಕೊಂಡಪ್ಪನದೇ ಕೆಲಸ. ಹೋದ ವಾರ ಬೈದಿದ್ದೆ," ಎಂದರು ಡಾಕ್ಟರ್.

ಕೊಂಡಪ್ಪ ಕೈ ಮುಗಿದ. "ದೇವ್ರಾಣೆ ನಾನಲ್ಲ ಕಣಮ್ಮ! ನಿನ್ನೆ ಬೆಳಿಗ್ಗೆ ಹೋದ್ರೆ ಟ್ಯೂಬ್‌ಲೈಟ್ ಬಿಚ್ಚಿ ಸ್ಟೂಲ್ ಮ್ಯಾಲೆ ಮಡಗವ್ರೆ. ನಾನೇ ತಿರುಗಿ ಸಿಗಿಸ್ದೆ."

ಶೋಭಾರಾಣಿಯ ಕಿವಿ ನೆಟ್ಟಗಾಯಿತು. ಸೇಡಿಗೆ ಕದ್ದವನು ಸೀಸೆಯನ್ನು ಬಿಸಿಲಿಗೆ ಎಸೆಯುತ್ತಿದ್ದ. ಈ ಕಳ್ಳ, ಡಬ್ಬಿ ತೆರೆದಾಗ ಯಾರಾದರೂ ಬಂದು ಸ್ವಿಚ್ ಹಾಕಿಬಿಟ್ಟಾರೆಂದು ಟ್ಯೂಬನ್ನೇ ಕಳಚಿದ್ದಾನೆ. ಔಷಧಿ ಕೆಡಬಾರದು ಅವನಿಗೆ.

ಶ್ರೀಲತಾಳ ಕಣ್ಣು ಊದಿತ್ತು. "ನಿನ್ನೆ ರಜ ಹಾಕಿ ಕಲ್ಯಾಣದುರ್ಗಕ್ಕೆ ಹೋಗಿದ್ದೆ ಮೇಡಂ. ತಮ್ಮನಿಗೆ ಅಮ್ಮ ಆಗೈತೆ. ಇವತ್ತು ಫಸ್ಟ್ ಬಸ್ಸಿಗೆ ಬಂದ್ಬುಟ್ಟೆ."

ಮನೆಯಲ್ಲಿ ಸೀತಾಳೆ ಸಿಡುಬು ಇಟ್ಟುಕೊಂಡು ಕ್ಯಾನ್ಸರ್ ವಾರ್ಡಿಗೆ ಬರುವ ನರ್ಸೇ? ಶೋಭಾರಾಣಿ ಜೀಪು ಹತ್ತಿದಳು.

* * *

ಕಲ್ಯಾಣದುರ್ಗ. ಮಧ್ಯಾಹ್ನ ಒಂದೂವರೆ. ಶ್ರೀಲತಾಳ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅಕ್ಕಪಕ್ಕದವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಕಿಟಕಿಗೆ ಒಳಗಿನಿಂದ ಕರಿ ಕಂಬಳಿ. ಆ ಸುಡುಬಿಸಿಲಲ್ಲಿ ಗಾಳಿಗೂ ದಾರಿಯಿಲ್ಲ.

ಆಗ ಮೂಗಿಗೆ ಬಡಿಯಿತು. ಸಾಸಿವೆ, ಬೆಳ್ಳುಳ್ಳಿ. ಒಗ್ಗರಣೆ!

ಅಮ್ಮ ಆದ ಮನೆಯಲ್ಲಿ ತಲೆಗೆ ನೀರು ಹಾಕುವವರೆಗೆ ಯಾವ ತಾಯಿಯೂ ಒಗ್ಗರಣೆ ಹಾಕಳು.

ಶೋಭಾರಾಣಿ ಬಾಗಿಲಿಗೆ ಬಾಯಿಟ್ಟು, ಶ್ರೀಲತಾಳ ಸಣ್ಣ ದನಿ ತೆಗೆದಳು. "ಅಮ್ಮಾ, ನಾನ್ ಕಣಮ್ಮ."

"ಬಂದ್ಯಾ ಲತಾ? ಇರೇ, ಬಿಸ್ಲು ಬೀಳ್ದಂಗೆ ತೆಗೀತೀನಿ. ಆ ದೀಪ ತಂದ್ಯಾ?"

ಬಾಗಿಲು ಗೇಣುದ್ದ ತೆರೆಯಿತು. ಸೌಟು ಹಿಡಿದ ತಾಯಿ ಬೀರಕ್ಕ ಖಾಕಿ ಕಂಡು ಕಲ್ಲಾದಳು. "ಅಯ್ಯೋ ದೇವುಡಾ!"

ಹಿಂದೆ ಕತ್ತಲಲ್ಲಿ, ಮಂಚದ ಮೇಲೆ ಶ್ರೀಲತಾಳ ತಮ್ಮ ಅಂಜಿ. ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಮೈಮೇಲೆ ಒಂದು ಬೊಕ್ಕೆಯಿರಲಿಲ್ಲ.

* * *

ಐದು ಗಂಟೆಗೆ ಆಸ್ಪತ್ರೆಯ ಹೊರಗೆ ಆಂಬುಲೆನ್ಸ್ ನಿಂತಿತ್ತು. ಒಳಗೆ, ಕಂಬಳಿ ಸುತ್ತಿಕೊಂಡ ಅಂಜಿ.

"ಕತ್ತಲು ಔಷಧಿಗೆ ಬೇಕೆಂದು ಗೊತ್ತಿದ್ದವರು ಇಬ್ಬರೇ, ನೀನು ಮತ್ತು ಡಾಕ್ಟರು," ಎಂದಳು ಶೋಭಾರಾಣಿ ಶ್ರೀಲತಾಳಿಗೆ. "ಡಾಕ್ಟರಿಗೆ ಕದಿಯುವ ಅಗತ್ಯವಿಲ್ಲ. ಯಾರೂ ಮನೆಗೆ ಬರದಿರಲೆಂದು ಬೇವಿನ ಸೊಪ್ಪು ಕಟ್ಟಿಸಿದೆ. ಈಗ ದೀಪ ಒಯ್ಯಲು ತಿರುಗಿ ಬಂದೆ. ಅಲ್ವಾ?"

ಶ್ರೀಲತಾ ಆಂಬುಲೆನ್ಸಿನ ಬಾಗಿಲು ಹಿಡಿದುಕೊಂಡಳು. "ಗಡ್ಡೆ ಜಾಸ್ತಿ ಬೆಳ್ದೈತೆ ಅಂತ ಈ ಔಷಧಿ ಲಿಸ್ಟ್‌ನಾಗೆ ಅಂಜಿ ಹೆಸ್ರು ಹೊಡೆದಾಕಿದ್ರು. ಆ ಲಿಸ್ಟ್ ಟೈಪ್ ಮಾಡ್ದೋಳೇ ನಾನು ಮೇಡಂ. ತಮ್ಮ ಅಂತ ಬಾಯ್ಬಿಡಕಾಗ್ಲಿಲ್ಲ. ಒಗ್ಗರಣೆ ಹಾಕ್ಬೇಡ ಅಂತ ಅಮ್ಮಂಗೆ ಹೇಳ್ದೆ. ಸಪ್ಪೆ ತಿನ್ನಲ್ಲ ಅಂತ ಅವ್ನು ಅತ್ತನಂತೆ."

ಡಾಕ್ಟರ್ ಗಡಿಯಾರ ನೋಡಿದರು. "ಇವಳು ತಮ್ಮನಿಗೆ ಸೂಜಿ ಹಾಕಿದ್ದು ನಿನ್ನೆ ಸಂಜೆ ಆರಕ್ಕೆ. ಇಪ್ಪತ್ನಾಲ್ಕು ಗಂಟೆಯೊಳಗೆ ಬೆಳಕು ಬಿಟ್ಟರೆ ಅಂಜಿಗೆ ಏನೋ ಚೂರು ಆಸೆ. ಇಲ್ಲದಿದ್ದರೆ ಯಾರಿಗೂ ಇಲ್ಲ."

ಅಮೃತಾಗೆ ಹೇಳುವ ಕೆಲಸ ಶೋಭಾರಾಣಿಯ ಪಾಲಿಗೆ ಬಂತು. ಹುಡುಗಿ ಕೊನೆವರೆಗೂ ಕೇಳಿದಳು.

"ನಂದು ಕದ್ದವ್ರಿಗೆ ದೀಪಾನೂ ಕೊಡ್ಬೇಕಾ?"

ಅಮೃತಾ ಹೊದಿಕೆಯ ಮೇಲಿಂದ ತನ್ನ ಮೊಣಕಾಲನ್ನು ಮುಟ್ಟಿಕೊಂಡಳು.

"ಹಾಕ್ರಿ. ನನ್ ಕಾಲು ಅವ್ನ ಮೈಯಾಗೈತೆ. ಸುಮ್ಕೆ ಯಾಕೆ ಸಾಯ್ಬೇಕು ಅದು? ಆದ್ರೆ ಆ ಸಿಸ್ಟರ್‌ನ ನನ್ ಕಣ್ಣಿಗೆ ಮಾತ್ರ ತೋರಿಸ್ಬೇಡಿ. ದಿನಾ ನಂಗೆ ಜಡೆ ಹಾಕ್ತಿದ್ರು."

ಗೋಡೆಯ ಕಡೆ ಹೊರಳಿದಳು. ಐದೂ ನಲವತ್ತಕ್ಕೆ ಅಂಜಿಯ ಸ್ಟ್ರೆಚರ್ ಅವಳ ಬಾಗಿಲ ಮುಂದೆಯೇ ಹಾದುಹೋಯಿತು.