ಉತ್ತರಕ್ಕೆ ಮುಖ ಮಾಡಿದ್ದ ದೋಣಿ

"ಸಾಕಪ್ಪಾ, ಇನ್ಮೇಲೆ ಚುಕ್ಕಾಣಿ ನಾನೇ ಹಿಡೀತೀನಿ. ನಿನಗೆ ವಯಸ್ಸಾಯ್ತು," ಎಂದ ರೇನೊ.

ಅವನ ಅಪ್ಪ ಟೊಯ್ವೊ ಕಾಫಿ ಲೋಟ ಕೆಳಗಿಟ್ಟ. "ಕಂಪಾಸ್ ತೋರಿಸಿದ ಕಡೆಗೇ ಬಂದೆ ಕಣೋ."

"ಹಾಗಾದ್ರೆ ಆ ಮಂಜಿನಲ್ಲಿ ಬಂಡೆಗೆ ಬಡಿಯೋ ಹಾಗೆ ಹೇಗೆ ಹೋದ್ವಿ? ನನ್ನ ಮಗಳು ಐಲಿನೂ ದೋಣೀಲಿದ್ಲು!"

ಕೇಳುತ್ತ ಕೂತಿದ್ದ ಐಲಿಗೆ ಅಳು ಬಂತು. ಸುಪೀರಿಯರ್ ಸರೋವರದಲ್ಲಿ ಅಂಗೈ ಕಾಣದಂಥ ಮಂಜಿನಲ್ಲೂ ಬಲೆ ಹುಡುಕಿ ಮೀನು ತರುವ ಅಜ್ಜ! ಅವನಿಂದ ಚುಕ್ಕಾಣಿ ಕಿತ್ತುಕೊಳ್ಳುವುದೇ? ಆಗಿನ್ನೂ ದಾರಿ ಹೇಳುವ ಫೋನುಗಳು ಬಂದಿರಲಿಲ್ಲ. ಮಂಜು ಕವಿದರೆ ಕಂಪಾಸೇ ಗತಿ.

ಮರುದಿನ ಸ್ಕೂಲಿನಲ್ಲಿ ಟೀಚರ್ ಕಬ್ಬಿಣದ ಸರಳನ್ನು ಉತ್ತರಕ್ಕೆ ಹಿಡಿದು ಸುತ್ತಿಗೆಯಿಂದ ಟಣ್ ಟಣ್ ಬಡಿದರು. ಆಮೇಲೆ ಅದನ್ನು ಕಂಪಾಸಿನ ಹತ್ತಿರ ತಂದರೆ ಮುಳ್ಳು ಸರ್ರನೆ ತಿರುಗಿತು!

"ಕಬ್ಬಿಣದೊಳಗೆ ಪುಟಾಣಿ ಮ್ಯಾಗ್ನೆಟ್ಟುಗಳ ಗುಂಪುಗಳಿವೆ. ಒಂದೊಂದು ಗುಂಪಿನ ಮುಖ ಒಂದೊಂದು ಕಡೆ. ಬಡಿದು ಅಲುಗಿಸಿದ್ರೆ ಎಷ್ಟೋ ಗುಂಪುಗಳು ಭೂಮಿ ಅನ್ನೋ ದೊಡ್ಡ ಮ್ಯಾಗ್ನೆಟ್ ಎಳೆದ ಕಡೆ ತಿರುಗ್ತವೆ," ಎಂದರು ಟೀಚರ್.

"ಬಡಿಯೋದು ನಿಲ್ಲಿಸಿದ್ರೆ ವಾಪಸ್ ತಿರುಗಲ್ವಾ?" ಐಲಿ ಕೇಳಿದಳು.

"ಎಲ್ಲವೂ ತಿರುಗಲ್ಲ. ಕಬ್ಬಿಣ ಅಷ್ಟು ಸುಲಭಕ್ಕೆ ಮರೆಯಲ್ಲ."

ಐಲಿಗೆ ಥಟ್ಟನೆ ತಮ್ಮ ದೋಣಿ ನೆನಪಾಯಿತು. ಉಕ್ಕಿನ ಆ ದೋಣಿ ಈ ಚಳಿಗಾಲ ಪೂರ್ತಿ ದಡದ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಮನೆಯವರೆಲ್ಲ ಸೇರಿ ಅದನ್ನು ಬಡಿದೂ ಬಡಿದೂ ತುಕ್ಕು ಉದುರಿಸಿದ್ದರು.

ಸಂಜೆ ದುಂಬಾಲು ಬಿದ್ದು ಅಪ್ಪನನ್ನೂ ಅಜ್ಜನನ್ನೂ ದೋಣಿ ಹತ್ತಿಸಿದಳು. "ದೀಪಸ್ತಂಭಾನೂ ಅದರ ಹಿಂದಿನ ಕಂಬಾನೂ ಒಂದೇ ಗೆರೇಲಿ ಕಂಡ್ರೆ ಅದೇ ಪೂರ್ವ ಅಲ್ವಾ ಅಜ್ಜ? ಆ ಗೆರೇಲೇ ನಡೆಸು."

ಅಜ್ಜ ನಡೆಸಿದ. ಗಾಳಿ ತಳ್ಳುತ್ತಿದ್ದರೂ ದೋಣಿ ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಐಲಿ ಆ ಗಂಟುಬಿದ್ದ ಕೈಗಳನ್ನೇ ನೋಡುತ್ತ ನಿಂತಳು. ಎಂಥ ಕೈಗಳು!

"ಅಪ್ಪಾ, ಈಗ ಕಂಪಾಸ್ ನೋಡು."

ಅಪ್ಪ ಬಗ್ಗಿ ನೋಡಿದ. ಅದು ಪೂರ್ವ ಬಿಟ್ಟು ಪಕ್ಕಕ್ಕೆ ತೋರಿಸುತ್ತಿತ್ತು. ಸುತ್ತಿಗೆಯ ಕತೆಯನ್ನೂ ದೋಣಿಯೇ ಮ್ಯಾಗ್ನೆಟ್ಟಾಗಿ ಮುಳ್ಳನ್ನು ಎಳೆಯುತ್ತಿರುವುದನ್ನೂ ಐಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಪ್ಪನ ಮುಖ ಕೆಂಪಾಯಿತು.

"ನೀನು ಸರಿಯಾಗೇ ಬಂದಿದ್ದೆ ಅಪ್ಪಾ," ಎಂದ ರೇನೊ ಮೆಲ್ಲಗೆ.

"ಇರಲಿ ಬಿಡೋ. ಇದನ್ನ ಸರಿ ಮಾಡೋರನ್ನ ಕರೆಸು. ಅಲ್ಲೀವರೆಗೆ ಮಂಜಿನಲ್ಲಿ ಹೋಗೋದು ಬೇಡ."

"ಹ್ಞೂಂ. ಈಗ ಮನೆಗೆ ನಡೆಸು."

ರೇನೊ ಹೋಗಿ ದೋಣಿಯ ಮೂತಿಯ ಹತ್ತಿರ, ಚುಕ್ಕಾಣಿಗೆ ಬೆನ್ನು ಹಾಕಿ ಕೂತ. ದಾರಿ ಸರಿಯಿದೆಯೇ ಎಂದು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಬಂಡೆ ಎದುರಾದ ದಿನ ಅವನು ತನ್ನನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡಿದ್ದನೆಂದು ಐಲಿಗೆ ನೆನಪಾಯಿತು. ಅಪ್ಪನಿಗೆ ಅಜ್ಜನ ಮೇಲೆ ಕೋಪವಿರಲಿಲ್ಲ, ಮಗಳಿಗೆ ಏನಾದರೂ ಆದೀತೆಂಬ ಹೆದರಿಕೆಯಿತ್ತು.

ಅವಳು ಹೋಗಿ ಅಪ್ಪನಿಗೆ ಒತ್ತಿಕೊಂಡು ಕೂತಳು.